ಪರೀಕ್ಷೆಗೆ ಬಂದ್ರೆ ಸಾಕು ಮೇಡಂ

"ಕ್ಲಾಸಿಗೆ ಬರೋದೇನೂ ಬೇಡ ಮೇಡಂ. ಪರೀಕ್ಷೆಗೆ ಬಂದ್ರೆ ಸಾಕು."

ಮಂಗಳವಾರ ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಬಂದ ಫೋನಿನಲ್ಲಿ ಕೇಳಿದ ಮಾತು ಇದು. ಇವತ್ತು ಶನಿವಾರ. ಇನ್ನೂ ತಲೆಯಿಂದ ಹೋಗಿಲ್ಲ. ಗುಟ್ಟಿನ ಮಾತಾದರೆ ದನಿ ತಗ್ಗಿಸಿ ಹೇಳಬೇಕು ತಾನೇ? ಈ ಮನುಷ್ಯ ಹಬ್ಬದ ರಿಯಾಯಿತಿ ಕೂಗುವ ಬಟ್ಟೆ ಅಂಗಡಿಯವರ ಹಾಗೆ ಖುಷಿಯಾಗಿ ಹೇಳಿದ.

ಅವನು ಅಡ್ಮಿಷನ್ ಏಜೆಂಟ್. ನಾನೀಗ ನರ್ಸಿಂಗ್ ಓದಬೇಕು ಅಂತಿದ್ದೇನೆ. ಕಾಲೇಜುಗಳ ಶುಲ್ಕ ಎಷ್ಟು ಅಂತ ತಿಳಿಯಲು ಎಲ್ಲೋ ನನ್ನ ನಂಬರ್ ಹಾಕಿದ್ದೆ. ಅವತ್ತಿನಿಂದ ಫೋನಿಗೆ ಬಿಡುವಿಲ್ಲ. ದೇಶದಲ್ಲಿ ನರ್ಸಿಂಗ್ ಕಾಲೇಜು ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರಲ್ಲಂತೂ ಕೆಲವು ಬಡಾವಣೆಗಳಲ್ಲಿ ಎರಡು ರಸ್ತೆಗೊಂದು ಬೋರ್ಡ್ ಕಾಣುತ್ತದೆ. ಸೀಟು ತುಂಬಿಸಲು ಏಜೆಂಟರು ಇರುವುದು ಹೊಸ ವಿಷಯವೇನಲ್ಲ. ಆದರೆ ನನ್ನ ವಯಸ್ಸು ಮೂವತ್ಮೂರು, ಕೆಲಸದಲ್ಲಿದ್ದೇನೆ, ಒಂದು ಮಗು ಇದೆ ಅಂದ ತಕ್ಷಣ ಇವನ ಉತ್ಸಾಹ ಹೆಚ್ಚಾಯಿತು. ನಮ್ಮಂಥವರಿಗೇ ಅಂತ ಮಾಡಿಟ್ಟ ದಾರಿಯಂತೆ ಅದು.

ನಾನು ಕೇಳಿದೆ: "ಹಾಗಾದ್ರೆ ವಾರ್ಡಿನ ಕೆಲಸ ಕಲಿಯೋದು ಹೇಗೆ?"

"ಅದೆಲ್ಲಾ ಲಾಗ್‌ಬುಕ್‌ನಲ್ಲಿ ಬರ್ಕೋತಾರೆ ಬಿಡಿ ಮೇಡಂ."

ಬರ್ಕೋತಾರೆ. ಯಾರು? ಏನಂತ? ನಾನು ಇಷ್ಟು ಜನಕ್ಕೆ ಇಂಜೆಕ್ಷನ್ ಕೊಟ್ಟೆ, ಇಷ್ಟು ಕ್ಯಾತಿಟರ್ ಹಾಕಿದೆ, ಇಷ್ಟು ಹೆರಿಗೆಗೆ ನಿಂತೆ ಅಂತ ನಾನು ನೋಡದೇ ಇರುವ ಯಾರೋ ನನ್ನ ಹೆಸರಲ್ಲಿ ಬರೆಯುತ್ತಾರೆ. ಕೆಳಗೆ ಒಂದು ಸಹಿ. ಆಮೇಲೆ ನಾನು ಬಿಳಿ ಬಟ್ಟೆ ಹಾಕಿಕೊಂಡು ಯಾರದೋ ಅಪ್ಪನ ಕೈಯಲ್ಲಿ ನರ ಹುಡುಕುತ್ತಿರುತ್ತೇನೆ.

ನಾನು ಆರೋಗ್ಯ ವಿಮೆಯ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುವವಳು. ದಿನವಿಡೀ ಆಸ್ಪತ್ರೆ ಬಿಲ್ಲುಗಳನ್ನೇ ನೋಡುತ್ತೇನೆ. ರೂಮ್ ಬಾಡಿಗೆ, ಔಷಧಿ, ಸರ್ಜನ್ ಶುಲ್ಕ, ಅದರ ಮಧ್ಯೆ ಎಲ್ಲೋ 'ನರ್ಸಿಂಗ್ ಚಾರ್ಜಸ್' ಅಂತ ಒಂದು ಸಾಲು. ದಿನಕ್ಕೆ ಇಷ್ಟು, ಗುಣಿಸು ಇಷ್ಟು ದಿನ. ಒಂದೊಂದು ಮಾತ್ರೆಗೂ ಲೆಕ್ಕ ಇರುವ ಬಿಲ್ಲಿನಲ್ಲಿ ಈ ಸಾಲಿನ ಒಳಗೆ ಏನಿದೆ ಅಂತ ಮಾತ್ರ ಇರುವುದಿಲ್ಲ. ವರ್ಷಗಟ್ಟಲೆ ಅದನ್ನು ಪಾಸ್ ಮಾಡಿದ್ದೇನೆ. ಒಳಗೇನಿದೆ ಅಂತ ನೋಡಿದ್ದು ಹೋದ ವರ್ಷ, ಅತ್ತೆಗೆ ಲಕ್ವ ಹೊಡೆದಾಗ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಒಂದು ಏಜೆನ್ಸಿಯಿಂದ ಹೋಂ ನರ್ಸ್ ಅಂತ ಒಬ್ಬ ಹುಡುಗಿಯನ್ನು ಕಳಿಸಿದರು. ಕೈಯಲ್ಲಿ ಸರ್ಟಿಫಿಕೇಟ್ ಇತ್ತು, ಲ್ಯಾಮಿನೇಷನ್ ಕೂಡ ಮಾಡಿಸಿತ್ತು. ಒಳ್ಳೆಯ ಹುಡುಗಿಯೇ. ಅತ್ತೆಯ ತಲೆ ಬಾಚಿ, ಗಂಜಿ ಕುಡಿಸಿ, ಚೆನ್ನಾಗಿ ಮಾತಾಡಿಸುತ್ತಿದ್ದಳು. ಆದರೆ ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ. ಅತ್ತೆ ಅಂಗಾತ ಮಲಗಿದ್ದವರು ಮಲಗೇ ಇದ್ದರು. ಸ್ವಲ್ಪ ದಿನದಲ್ಲಿ ಬೆನ್ನ ಕೆಳಗೆ, ಸೊಂಟದ ಮೂಳೆ ಹತ್ತಿರ ಹುಣ್ಣಾಯಿತು. ಬೆಡ್ ಸೋರ್. ಮತ್ತೆ ಆಸ್ಪತ್ರೆ. ನನಗೆ ಆ ಹುಡುಗಿಯ ಮೇಲೆ ಸಿಟ್ಟಿಲ್ಲ. ಅವಳ ಕೈಗೆ ಸರ್ಟಿಫಿಕೇಟ್ ಕೊಟ್ಟು, ತಿಂಗಳಿಗೆ ಇಷ್ಟು ಅಂತ ನಮ್ಮಿಂದ ಎಣಿಸಿಕೊಂಡು, ಅವಳಿಗೆ ಅದರಲ್ಲಿ ಚೂರುಪಾರು ಕೊಟ್ಟರಲ್ಲ, ಅವರ ಮೇಲೆ ಇದೆ.

ಎರಡನೇ ಸಲ ಸೇರಿಸಿದಾಗ ವಾರ್ಡಿನಲ್ಲಿದ್ದ ಸಿಸ್ಟರ್ ನನ್ನನ್ನು ಮಂಚದ ಪಕ್ಕ ನಿಲ್ಲಿಸಿಕೊಂಡರು. ಮಾತು ಕಮ್ಮಿ, ಸ್ವಲ್ಪ ಗದರುವ ಸ್ವಭಾವ. "ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು. ರಾತ್ರಿನೂ," ಅಂದರು. ಮಂಡಿಗಳ ನಡುವೆ ದಿಂಬು ಎಲ್ಲಿಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲನ್ನು ಹೇಗೆ ಎತ್ತಿಡಬೇಕು ಅಂತ ತೋರಿಸಿದರು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ನೋಡಲು ಹೇಳಿದರು. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಒಳಗೆ ಶುರುವಾಗಿದೆ ಅಂತ. ಚರ್ಮ ಒಡೆಯುವ ಮುಂಚೆಯೇ ಅದು ಬೆರಳಿಗೆ ಗೊತ್ತಾಗಬೇಕು. ಮನೆಗೆ ಬಂದ ಮೇಲೆ ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಅದನ್ನೇ ಮಾಡಿದೆ. ಇವತ್ತು ಅತ್ತೆ ಕೋಲು ಹಿಡಿದು ಹಜಾರದವರೆಗೆ ಬರುತ್ತಾರೆ.

ಲಾಗ್‌ಬುಕ್‌ನಲ್ಲಿ ಬರ್ಕೋತಾರೆ ಅಂದನಲ್ಲ, ಇದನ್ನು ಹೇಗೆ ಬರ್ಕೋತಾರೆ?

ನಿಯಮ ನೋಡಿದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಪರೀಕ್ಷೆಗೆ ಕೂರಲು ಥಿಯರಿಗೂ ಪ್ರಾಕ್ಟಿಕಲ್‌ಗೂ ಶೇ. 80 ಹಾಜರಿ ಬೇಕು. ಆದರೆ ಡಿಗ್ರಿ ಕೈಗೆ ಸಿಗಬೇಕಾದರೆ ಪ್ರತಿಯೊಂದು ಪ್ರಾಕ್ಟಿಕಲ್ ವಿಭಾಗದಲ್ಲೂ ಶೇ. 100 ಆಗಿರಬೇಕು. ಅಂದರೆ ಪಾಠ ಒಂದಿಷ್ಟು ತಪ್ಪಿದರೆ ನಡೆಯುತ್ತದೆ, ರೋಗಿಯ ಹತ್ತಿರ ನಿಲ್ಲುವ ಒಂದು ಗಂಟೆಯೂ ಬಾಕಿ ಉಳಿಯುವ ಹಾಗಿಲ್ಲ. ನಿಯಮ ಬರೆದವರಿಗೆ ಈ ಕೆಲಸ ಏನು ಅಂತ ಗೊತ್ತಿತ್ತು. ಏಜೆಂಟ್ ಮಾರುತ್ತಿರುವುದು ಸರಿಯಾಗಿ ಆ ಶೇ. 100 ಅನ್ನೇ.

ನನ್ನ ಮುಂದಿರುವ ದಾರಿಗಳೇನೂ ಬಹಳ ಇಲ್ಲ. ಪಿಯುಸಿಯಲ್ಲಿ ಪಿಸಿಎಂಬಿ ಓದಿ ಆಮೇಲೆ ಬಿಕಾಂಗೆ ಹಾರಿದವಳು ನಾನು. ಆ ಹಳೇ ಪಿಸಿಎಂಬಿ ಈಗ ಉಪಯೋಗಕ್ಕೆ ಬಂತು. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಲೇಬೇಕು, ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ನಮ್ಮಲ್ಲಿ 2023ರಿಂದ ಅದಕ್ಕೂ ಸಿಇಟಿ ಬಂದಿದೆ. ಮೂರು ವರ್ಷದ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಇಂಗ್ಲಿಷ್ ಸೇರಿದಂತೆ ಶೇ. 40 ಸಾಕು. ಜಿಎನ್‌ಎಂ ಮುಗಿಸಿ, ನೋಂದಣಿ ಮಾಡಿಸಿ, ಕೆಲಸಕ್ಕೆ ಸೇರಿ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೂ ಡಿಗ್ರಿ ಸಿಗುತ್ತದೆ. ಸುತ್ತು ದಾರಿ, ಆದರೆ ಸಂಬಳ ಒಂದು ವರ್ಷ ಮುಂಚೆ ಶುರುವಾಗುತ್ತದೆ. ಇಎಂಐ ಇರುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಎರಡಕ್ಕೂ ಸೇರುವ ವಯಸ್ಸಿನ ಮಿತಿ 35. ನನಗೆ ಉಸಿರು ಬಿಡಲು ಸ್ವಲ್ಪ ಜಾಗ ಉಳಿದಿದೆ ಅಷ್ಟೇ. ಸರ್ಕಾರಿ ಕೆಲಸದ ಆಸೆ ಬಿಟ್ಟಿದ್ದೇನೆ. ಅಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38. ಆಗಾಗ ಸಡಿಲಿಕೆ ಕೊಡುತ್ತಾರೆ ನಿಜ, ಅದನ್ನು ನಂಬಿಕೊಂಡು ಕೂರಲಾಗುವುದಿಲ್ಲ.

ಅಮೆರಿಕದಲ್ಲಿರುವ ಗೆಳತಿ ಇದನ್ನೆಲ್ಲ ಕೇಳಿ ನಕ್ಕಳು. ಅಲ್ಲಿ ಬೇರೆ ಡಿಗ್ರಿ ಇರುವವರಿಗೆ ಅಂತಲೇ ಒಂದು, ಒಂದೂವರೆ ವರ್ಷದ ಬಿಎಸ್ಸಿ ನರ್ಸಿಂಗ್ ಇದೆಯಂತೆ. ಅದಕ್ಕೆ ಮುಂಚೆ ಅನಾಟಮಿ, ಮೈಕ್ರೋಬಯಾಲಜಿ ಎಲ್ಲ ಮುಗಿಸಿರಬೇಕು. ಇವಳ ಪಕ್ಕದ ಮನೆಯಾಕೆ ನಲವತ್ತು ದಾಟಿದ ಮೇಲೆ ಸೇರಿದ್ದಾಳೆ. ಬ್ಯಾಂಕಿನಲ್ಲಿದ್ದವಳು. ಯಾರೂ ಅದನ್ನು ವಿಚಿತ್ರ ಅಂದುಕೊಳ್ಳುವುದಿಲ್ಲವಂತೆ. ನಮ್ಮಲ್ಲಿ ಡಿಗ್ರಿ ಇದ್ದರೂ ಹದಿನೇಳರ ಹುಡುಗಿಯ ಪಕ್ಕದ ಬೆಂಚಿನಲ್ಲಿ ಮೊದಲಿನಿಂದ ಶುರು ಮಾಡಬೇಕು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಅವಸರದ ಕೋರ್ಸಿನಲ್ಲೂ ಆಸ್ಪತ್ರೆಯ ಪಾಳಿ ಬಿಡುವ ಹಾಗಿಲ್ಲ. ಆಮೇಲೆ ಲೈಸೆನ್ಸಿಗೆ ಎನ್‌ಕ್ಲೆಕ್ಸ್ ಪರೀಕ್ಷೆ ಬೇರೆ. ಬೇಗ ಮುಗಿಸುವುದು ಬೇರೆ, ಹೋಗದೇ ಮುಗಿಸುವುದು ಬೇರೆ.

ಇದನ್ನು ನಮ್ಮನೆಯವರಿಗೆ ಅರ್ಥ ಮಾಡಿಸಲು ಮಂಗಳವಾರ ರಾತ್ರಿ ಅರ್ಧ ಹೋಯಿತು. ಏಜೆಂಟ್ ವಿಷಯ ಹೇಳಿದಾಗ ಅವರ ಮೊದಲ ಮಾತು: "ಒಳ್ಳೇದೇ ಆಯ್ತಲ್ವಾ? ಇರೋ ಕೆಲಸಾನೂ ಬಿಡೋದು ಬೇಡ." ಮನುಷ್ಯ ಒಳ್ಳೆಯವರು. ತಾಯಿಯ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವಾಗ ಪ್ರತಿಸಲ ಕೋಣೆಯಿಂದ ಎದ್ದು ಹೋದವರೂ ಅವರೇ. "ನಾಳೆ ನಿಮಗೆ ಆಪರೇಷನ್ ಆದ್ರೆ, ಪರೀಕ್ಷೆಗೆ ಮಾತ್ರ ಹೋಗಿದ್ದ ಸಿಸ್ಟರ್ ಬಂದ್ರೆ ಪರವಾಗಿಲ್ವಾ?" ಅಂದೆ. ಟಿವಿ ಸೌಂಡ್ ಜಾಸ್ತಿ ಮಾಡಿದರು.

ನಾದಿನಿಯದು ಬೇರೆ ರಾಗ. "ಇಷ್ಟು ಓದಿ, ಆಫೀಸಲ್ಲಿ ಕೂತು ಕೆಲಸ ಮಾಡೋಳು, ಹೋಗಿ ಕಂಡವರ ಮಲ ಮೂತ್ರ ಬಾಚ್ತೀಯಾ?" ಅವರ ತಾಯಿಯದನ್ನು ಬಾಚಿದ್ದು ಯಾರು ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ಹಬ್ಬ ಹತ್ತಿರ ಇದೆ. ಅವರಿಗೆ ನಿಜವಾಗಿ ಚಿಂತೆ ಇರುವುದು ರಾತ್ರಿ ಪಾಳಿಯ ಬಗ್ಗೆ, ಅಂದರೆ ಅಕ್ಕಪಕ್ಕದವರು ಏನಂತಾರೆ ಅನ್ನುವುದರ ಬಗ್ಗೆ. ಈ ಚಿಂತೆಗೆ ವಯಸ್ಸಾಗುವುದೇ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಶ್ರೀಮಂತರ ಮನೆ ಮಗಳು. ನರ್ಸ್ ಆಗ್ತೀನಿ ಅಂದಾಗ ಮನೆಯವರು ಹೌಹಾರಿದ್ದರು. ವರ್ಷಗಟ್ಟಲೆ ಜಗಳವಾಡಿ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋದಾಗ ಆಕೆಗೂ ಮೂವತ್ತು ದಾಟಿ ಮೂವತ್ತೊಂದಾಗಿತ್ತು. ನಾದಿನಿಗೆ ಇದನ್ನು ಹೇಳಿದೆ. "ಅವಳಿಗೆ ಮದುವೆ ಆಗಿರ್ಲಿಲ್ವಲ್ಲ" ಅಂದರು. ಅದೂ ನಿಜ.

ಅತ್ತೆಯ ಮಾತು ಇನ್ನೂ ತೊದಲುತ್ತದೆ. ಜಾಸ್ತಿ ಹೇಳುವುದಿಲ್ಲ. ನಾವೆಲ್ಲ ವಾದ ಮಾಡುವಾಗ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಬೆಳಿಗ್ಗೆ ಕಾಫಿ ಕೊಡುವಾಗ ನಿಧಾನವಾಗಿ ಹೇಳಿದರು, "ಓದು. ಆ ಹುಡುಗಿ ಥರ... ಬೇಡ."

ನಿನ್ನೆ ಸ್ವಂತ ಆಸ್ಪತ್ರೆ ಇರುವ ಒಂದು ಕಾಲೇಜಿಗೆ ನಾನೇ ಫೋನ್ ಮಾಡಿದೆ. ಕಾಲೇಜಿನ ಹಿಂದೆ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇರಬೇಕು ಅಂತ ಪರಿಷತ್ತು ಹೇಳುತ್ತದೆ. ನಾನು ಈಗ ಶುಲ್ಕ ಕೇಳುವ ಮುಂಚೆ ಅದನ್ನೇ ಕೇಳುತ್ತೇನೆ: ಆಸ್ಪತ್ರೆ ಎಲ್ಲಿದೆ, ರೋಗಿಗಳು ಇದ್ದಾರಾ, ಮೊದಲ ವರ್ಷದವರನ್ನು ವಾರ್ಡಿಗೆ ಯಾವಾಗ ಕಳಿಸುತ್ತೀರಿ. ಹೋದ ವಾರ ಒಂದು ಕಡೆ ಈ ಪ್ರಶ್ನೆಗೆ ಫೋನ್ ಇಟ್ಟುಬಿಟ್ಟಿದ್ದರು. ಇಲ್ಲಿ ಪ್ರಿನ್ಸಿಪಾಲರೇ ಮಾತಾಡಿದರು. ದನಿ ಕೇಳಿದರೆ ಹಳೇ ವಾರ್ಡ್ ಸಿಸ್ಟರ್ ಅಂತ ಗೊತ್ತಾಗುತ್ತಿತ್ತು. ನನ್ನ ವಯಸ್ಸು ಕೇಳಿ ಮೆಚ್ಚಲೂ ಇಲ್ಲ, ಮರುಗಲೂ ಇಲ್ಲ.

"ಬೆಳಿಗ್ಗೆ ಏಳೂವರೆಗೆ ವಾರ್ಡಲ್ಲಿ ಇರ್ಬೇಕಮ್ಮಾ. ಆಮೇಲೆ ರಾತ್ರಿ ಪಾಳಿನೂ ಬರತ್ತೆ. ಮಗು ಎಷ್ಟು ವರ್ಷದ್ದು?"

"ಆರು ಮೇಡಂ."

"ಶಾಲೆಗೆ ಯಾರು ಕಳಿಸ್ತಾರೆ? ಅದನ್ನ ಮೊದ್ಲು ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ. ಆಮೇಲೆ ಸಿಇಟಿ ಮಾತು."

ನಮ್ಮನೆಯವರಿಗೆ ಎರಡು ಜಡೆ ಹಾಕಲು ಬರುವುದಿಲ್ಲ. ನಾಳೆ ಭಾನುವಾರ, ಕಲಿಸಬೇಕು.