‘ಮಾಡಲೇಬೇಕು’ ಮತ್ತು ‘ಮಾಡಿದರೆ ಒಳ್ಳೆಯದು’

ನಾನು ಹ್ಯಾಕರ್‌ಗಳನ್ನು ಹಿಡಿಯುವ ಕೆಲಸದಲ್ಲಿದ್ದೇನೆ ಎಂದು ಅಮ್ಮ ದಾವಣಗೆರೆಯಲ್ಲಿ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ. ‘ಇವತ್ತು ಇಡೀ ದಿನ ಒಂದೇ ವಾಕ್ಯದ ಮುಂದೆ ಕೂತಿದ್ದೆ’ ಅಂದರೆ, ಇದಕ್ಕೂ ಸಂಬಳ ಕೊಡ್ತಾರಾ ಅಂತ ಕೇಳ್ತಾಳೆ.

ನಾನಿರುವುದು ಫ್ರಾನ್ಸಿನ ದಕ್ಷಿಣದ ಆಂಟೀಬ್‌ನಲ್ಲಿ. ಪಕ್ಕದ ಸೋಫಿಯಾ ಆಂಟಿಪೊಲಿಸ್‌ನಲ್ಲಿ ಎಟ್ಸಿ ಎಂಬ, ತಂತ್ರಜ್ಞಾನದ ಮಾನದಂಡಗಳನ್ನು ಬರೆಯುವ ಯುರೋಪಿನ ಸಂಸ್ಥೆ ಇದೆ. ನನ್ನ ಕೆಲಸ ಅಲ್ಲಿಯದೇ. ಮೊಬೈಲಿನ ಜಿಎಸ್‌ಎಂ ಮಾನದಂಡ ಬೆಳೆದದ್ದು ಅದರ ಕೈಯಲ್ಲೇ. ಕಂಪನಿಯವರು, ಸರ್ಕಾರದವರು ಒಟ್ಟಿಗೆ ಕೂತು, ಮಾನದಂಡದ ಕರಡನ್ನು ಪರದೆಯ ಮೇಲೆ ಹಾಕಿ, ಸಾಲು ಸಾಲಿಗೂ ವಾದ ಮಾಡುತ್ತಾರೆ.

ಜಗಳವೆಲ್ಲ ಎರಡು ಇಂಗ್ಲಿಷ್ ಪದಗಳದ್ದು: ‘ಶಲ್’ ಮತ್ತು ‘ಶುಡ್’. ಮೊದಲನೆಯದೆಂದರೆ ಮಾಡಲೇಬೇಕು. ಎರಡನೆಯದು, ಮಾಡಿದರೆ ಒಳ್ಳೆಯದು. ಕನ್ನಡದಲ್ಲಾಗಿದ್ದರೆ ಆ ‘ಲೇ’ ಒಂದೇ ಸಾಕಿತ್ತು! ಸಾಧನ ತಯಾರಿಸುವವರು ಸಾಮಾನ್ಯವಾಗಿ ‘ಒಳ್ಳೆಯದು’ ಕಡೆಗೇ ಎಳೆಯುತ್ತಾರೆ. ‘ಲೇಬೇಕು’ ಬಂತೆಂದರೆ ಖರ್ಚು ಬಂತು.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಜಾರಿಕೊಳ್ಳಲು ಜಾಗವಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿತು. ದೊಡ್ಡ ಜಾಣತನವೇನೂ ಅಲ್ಲ. ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ ಸುಮಾರು 60 ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿತು, ಅಷ್ಟೇ. ಹೀಗೆ ವಶವಾದ ಸಾಧನಗಳಿಂದಲೇ ದಾಳಿ ನಡೆದು, ಆ ಅಕ್ಟೋಬರ್‌ನಲ್ಲಿ ಒಂದು ದಿನ ಅಮೆರಿಕದ ಎಷ್ಟೋ ಕಡೆ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯಲೇ ಇಲ್ಲ. 2020ರಲ್ಲಿ ಬಂದ ಎಟ್ಸಿಯ ಇಎನ್ 303 645, ಅಂದರೆ ಮನೆಬಳಕೆಯ ಇಂಟರ್ನೆಟ್ ಸಾಧನಗಳ ಸುರಕ್ಷತೆಯ ಮಾನದಂಡ, ಶುರುವಾಗುವುದೇ ಇಲ್ಲಿಂದ: ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇರಕೂಡದು. ಬ್ರಿಟನ್‌ನಲ್ಲಿ 29 ಏಪ್ರಿಲ್ 2024ರಿಂದ ಅದು ಕಾನೂನೇ ಆಗಿದೆ. ತಪ್ಪಿದರೆ 1 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ 4%, ಯಾವುದು ಜಾಸ್ತಿಯೋ ಅಲ್ಲಿಯವರೆಗೆ ದಂಡ.

ಹೋದ ಸಲ ಊರಿಗೆ ಹೋದಾಗ ಅಮ್ಮನ ಮನೆ ಬಾಗಿಲ ಮೇಲೆ ಹೊಸ ಕ್ಯಾಮೆರಾ. ಪಾಸ್‌ವರ್ಡ್ ಎಲ್ಲಿ ಅಂದೆ. ಕ್ಯಾಲೆಂಡರ್ ತಿರುಗಿಸಿ ತೋರಿಸಿದಳು. ಹಾಲಿನ ಲೆಕ್ಕದ ಕೆಳಗೆ: ಅಡ್ಮಿನ್, 12345. ಕೂಡಲೇ ಬದಲಾಯಿಸಿದೆ.

ಮೂರನೇ ದಿನಕ್ಕೆ ಕ್ಯಾಮೆರಾ ಹಾಕಿದ ಹುಡುಗ ಫೋನ್ ಮಾಡಿದ. “ಸಾರ್, ಪಾಸ್‌ವರ್ಡ್ ಚೇಂಜ್ ಮಾಡಿದೀರಂತೆ? ಹಾಗೆ ಮಾಡ್ಬೇಡಿ ಸಾರ್. ನಮ್ಮ ಹುಡುಗರಿಗೆ ನೆನಪಿರ್ಲಿ ಅಂತ ಏರಿಯಾಗೆಲ್ಲ ಒಂದೇ ಇಟ್ಟಿರ್ತೀವಿ.”