ಹಿತ್ತಲ ಬಾಯ್ಲರ್ ಮತ್ತು ಕರೆಂಟ್ ಬಿಲ್ಲಿನ ಲೆಕ್ಕ

“ರಾಯಚೂರಿನವರಿಗೆ ಬಿಸಿನೀರು ಬೇರೆ ಬೇಕೇನು?” ಅಂತ ಧಾರವಾಡ ಕಡೆಯ ನೆಂಟರು ನಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅವರ ಮಾತು ಖರೆ. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನಳ ತಿರುವಿದರೆ ಅಂಗೈ ಸುಡುತ್ತದೆ, ಸ್ನಾನಕ್ಕೆ ಬೆಳಿಗ್ಗೆಯೇ ನೀರು ಹಿಡಿದು ನೆರಳಲ್ಲಿ ಆರಿಸಿಡುತ್ತೇವೆ. ದೀಪಾವಳಿಯಿಂದ ಶಿವರಾತ್ರಿವರೆಗಿನ ಮಾತು ಬೇರೆ. ಸಿರವಾರ ಕಡೆಯ ನಮ್ಮೂರಲ್ಲಿ ನಸುಕಿನ ಥಂಡಿಗೆ ಹಿತ್ತಲ ಬಾಯ್ಲರ್ ಹಚ್ಚದೆ ಯಾರೂ ಬಚ್ಚಲ ಕಡೆ ಹೆಜ್ಜೆ ಇಡುವುದಿಲ್ಲ.

ನಮ್ಮದು 60 ಲೀಟರಿನ ತಾಮ್ರದ ಬಾಯ್ಲರ್. ನಡುವೆ ಕೊಳವೆ, ಅದರೊಳಗೆ ಉರಿ, ಸುತ್ತಲೂ ನೀರು. ನಳ ಹುಡುಕುವ ಹೊಸಬರು ಸುತ್ತು ಹೊಡೆಯುತ್ತಾರೆ, ನಳ ಇರುವುದೇ ಇಲ್ಲ. ಲಾಳಿಕೆಯಲ್ಲಿ ಒಂದು ಬಕೆಟ್ ತಣ್ಣೀರು ಸುರಿದರೆ ಅದು ತಳಕ್ಕಿಳಿದು, ಮೇಲಿನ ಮೂತಿಯಿಂದ ಒಂದು ಬಕೆಟ್ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ಕೊಟ್ಟಷ್ಟೇ ಸಿಗುವುದು, ಹಾಗಾಗಿ ಬಾಯ್ಲರ್ ಎಂದೂ ಖಾಲಿಯಾಗುವುದಿಲ್ಲ. ಆಗಲೂ ಬಾರದು. ಒಳಗೆ ನೀರಿರುವ ತನಕ ತಾಮ್ರದ ಕಾವು 100 ಡಿಗ್ರಿ ದಾಟಿ ಬಹಳ ಏರದು, ಬರಿದಾದ ಬಾಯ್ಲರ್‌ಗೆ ಉರಿ ಹಾಕಿದರೆ ಬೆಸುಗೆ ಬಿಟ್ಟಿತೆಂದೇ ಲೆಕ್ಕ. ಲಾಳಿಕೆ ಮತ್ತು ಮೂತಿಗೆ ಬಟ್ಟೆ ತುರುಕುವ ಮಕ್ಕಳ ಮೇಲೂ ಕಣ್ಣಿರಬೇಕು, ಹಬೆಗೆ ದಾರಿ ಬೇಕಲ್ಲ.

ಬೆಂಕಿ ಹಚ್ಚುವುದು ದೊಡ್ಡ ಕೆಲಸವಲ್ಲ. ಕಟ್ಟಿಗೆ ಹೊಂದಿಸುವುದು ವರ್ಷಪೂರ್ತಿ ಕೆಲಸ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಭಗ್ಗನೆ ಹತ್ತಿ ಅಷ್ಟೇ ಬೇಗ ಮುಗಿಯುತ್ತವೆ. ಅವು ಹೊತ್ತಿಸಲಿಕ್ಕೆ ಮಾತ್ರ. ನಿಂತು ಉರಿಯುವುದು ಬಳ್ಳಾರಿ ಜಾಲಿ. ಹೊಲದ ಬದು, ಹಳ್ಳದ ದಂಡೆ ಎಲ್ಲವನ್ನೂ ನುಂಗಿದ ಈ ಪೀಡೆಯಿಂದ ನನಗೆ ಗೊತ್ತಿರುವ ಉಪಕಾರ ಇದೊಂದೇ. ಬೇಸಿಗೆಯಲ್ಲಿ ಕಡಿಸಿ, ಸೀಳಿಸಿ, ಮಳೆಗಾಲದೊಳಗೆ ತಗಡಿನ ಕೆಳಗೆ ಒಟ್ಟಬೇಕು. ಎರಡು ತುಂಡು ಒಂದಕ್ಕೊಂದು ಬಡಿದರೆ ಠಣ್ ಅನ್ನಬೇಕು, ತುದಿಯಲ್ಲಿ ಬಿರುಕು ಕಾಣಬೇಕು. ಹಸಿ ತುಂಡಿನೊಳಗಿನ ಒಂದು ಲೀಟರ್ ನೀರು ಆವಿಯಾಗಲಿಕ್ಕೇ 540 ಕಿಲೋಕ್ಯಾಲರಿ ಕಾವು ಹೋಗುತ್ತದೆ, ನಮಗೆ ಉಳಿಯುವುದು ಹೊಗೆ. ನಮ್ಮತ್ತೆಗೆ ಈ ಅಂಕಿಯ ಹಂಗಿಲ್ಲ: “ಹಸಿ ಕಟಗಿ ಇಟ್ರ ನೀರು ಕಾಯಂಗಿಲ್ಲವಾ, ನಾವಽ ಕಾಯಬೇಕು.”

ಹತ್ತಿ ಕಟ್ಟಿಗೆಯ ಒಟ್ಟಿಲು ಮನೆಯಲ್ಲಿ ಸಣ್ಣ ಜಗಳದ ವಿಷಯ. ಮಾವನವರಿಗೆ ಅದು ಎತ್ತರವಿದ್ದಷ್ಟೂ ಸಮಾಧಾನ. ನನಗೆ ಅದರಲ್ಲಿ ಮೊದಲು ಕಾಣುವುದು ಚೇಳು, ಆಮೇಲೆ ಗುಲಾಬಿ ಕಾಯಿಕೊರಕ. ಒಡೆಯದೆ ಒಣಗಿ ನಿಂತ ಕಾಯಿಗಳಲ್ಲಿ ಆ ಹುಳ ಅಡಗಿ ಕೂತು ಮುಂದಿನ ಬೆಳೆಗೆ ಇಳಿಯುತ್ತದೆ, ಅದಕ್ಕೇ ಕಟ್ಟಿಗೆ ಒಟ್ಟಿಡಬೇಡಿ ಅಂತ ಕೃಷಿ ವಿಜ್ಞಾನಿಗಳು ಹೇಳುತ್ತಲೇ ಇರುತ್ತಾರೆ. ಕೊನೆಗೆ ಆದ ರಾಜಿ ಎಂದರೆ ಕಾಯಿ ಉಳಿದ ಕಟ್ಟಿಗೆ ಮನೆಗೆ ಬರುವ ಹಾಗಿಲ್ಲ, ಬಂದದ್ದು ಮುಂಗಾರು ಬಿತ್ತನೆಗೆ ಮೊದಲೇ ಉರಿದು ಮುಗಿಯಬೇಕು. ಬೇಸಿಗೆಯಲ್ಲಿ ನೀರು ಕಾಯಿಸುವುದಿಲ್ಲವಲ್ಲ, ಆಗ ಉಳಿದದ್ದು ಅಡುಗೆ ಒಲೆಗೆ.

ಗೀಸರ್ ಯಾಕಿಲ್ಲ? ನಮ್ಮ ಯಜಮಾನರು ಪ್ರತಿ ಚಳಿಗಾಲ ಕೇಳುವ ಪ್ರಶ್ನೆ. 60 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 2,100 ಕಿಲೋಕ್ಯಾಲರಿ ಬೇಕು, ಅಂದರೆ ಹತ್ತಿರ ಹತ್ತಿರ ಎರಡೂವರೆ ಯೂನಿಟ್ ಕರೆಂಟ್. ತಿಂಗಳಿಗೆ 75. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ತನಕ ಪುಕ್ಕಟೆ ಅಂತ ಜನ ಹೇಳುತ್ತಾರೆ, ಆದರೆ ಲೆಕ್ಕ ಹಾಗಿಲ್ಲ. 2022–23ರಲ್ಲಿ ನಮ್ಮಂಥ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದರೋ ಅಷ್ಟು, ಅದರ ಮೇಲೆ ಶೇಕಡಾ 10, ಅಷ್ಟೇ ಪುಕ್ಕಟೆ. ಆಗ ಕಟ್ಟಿಗೆಯಲ್ಲೇ ನೀರು ಕಾಯಿಸಿದ ನಮ್ಮ ಸರಾಸರಿ ಎಪ್ಪತ್ತರ ಆಸುಪಾಸು. ಗೀಸರ್ ಹಾಕಿದವರಿಗೆ ಗೀಸರಿನ ಕರೆಂಟೂ ಪುಕ್ಕಟೆ, ನಾವು ಈಗ ಹಾಕಿಸಿದರೆ ಆ ಯೂನಿಟ್‌ಗಳಿಗೆಲ್ಲ ದುಡ್ಡು ಕಟ್ಟಬೇಕು!

ಗೀಸರಿಗೆ ಹೊಗೆ ಇಲ್ಲ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊಗೆ ಇದೆ, ರಾಯಚೂರು ಹತ್ತಿರದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿದೆ. 1,720 ಮೆಗಾವಾಟಿನ ಆ ಸ್ಥಾವರದಲ್ಲೂ ನಡೆಯುವುದು ನೀರು ಕಾಯಿಸುವ ಕೆಲಸವೇ, ಒಂದು ಯೂನಿಟ್‌ಗೆ ಮುಕ್ಕಾಲು ಕೆಜಿಯಷ್ಟು ಕಲ್ಲಿದ್ದಲು ಬೇಕು. ಹಾಗಂತ ನಮ್ಮ ಹಿತ್ತಲ ಹೊಗೆ ಪುಣ್ಯದ್ದೇನಲ್ಲ. ಒಂದು ಕೆಜಿ ಒಣಕಟ್ಟಿಗೆಯಲ್ಲಿ ಸುಮಾರು 3,500 ಕಿಲೋಕ್ಯಾಲರಿ ಇದ್ದರೂ ಬಹುಪಾಲು ಕೊಳವೆ ಹಿಡಿದು ಮೇಲೆ ಹೋಗುತ್ತದೆ, ದಿನಕ್ಕೆ ಎರಡು ಕೆಜಿ ಬೇಕೇ ಬೇಕು. ಪಕ್ಕದ ಮನೆಯ ಬಾಣಂತಿ ಕೆಮ್ಮುವುದು ಕೇಳಿಸಿದ ಮೇಲೆ ಹೊಗೆ ಕೊಳವೆಯನ್ನು ಅವರ ಮಾಳಿಗೆಗಿಂತ ಎತ್ತರ ಮಾಡಿಸಿದೆವು. ಎತ್ತರವಾದ ಮೇಲೆ ಗಾಳಿ ಎಳೆತವೂ ಹೆಚ್ಚಿ ಉರಿ ಸ್ವಚ್ಛವಾಯಿತು. ಕೊಳವೆಯೊಳಗಿನ ಮಸಿಯನ್ನು ಆಗಾಗ ಕೆರೆಯದಿದ್ದರೆ ಆ ಎಳೆತ ಉಳಿಯುವುದಿಲ್ಲ.

ಬೋರ್ ನೀರಿನ ಸುಣ್ಣ ಬಾಯ್ಲರ್ ಒಳಗೆ ಪದರಗಟ್ಟುತ್ತದೆ, ಅದಕ್ಕೆ ರಾತ್ರಿಯಿಡೀ ನಿಂಬೆಉಪ್ಪಿನ ನೀರು ನಿಲ್ಲಿಸಿ ಬೆಳಿಗ್ಗೆ ಬಗ್ಗಿಸಿ ಚೆಲ್ಲಬೇಕು. ಬೂದಿ ಪಾತ್ರೆ ತಿಕ್ಕಲು, ಅಲಸಂದಿ ಕಾಳಿಗೆ ಹುಳ ಬೀಳದಂತೆ ಬೆರೆಸಲು ಆಗುತ್ತದೆ. ಹೊಲಕ್ಕೆ ಮಾತ್ರ ನಾನು ಒಯ್ಯಗೊಡುವುದಿಲ್ಲ: ನಮ್ಮ ಎರೆಭೂಮಿ ಮೊದಲೇ ಕ್ಷಾರ, ಬೂದಿಯೂ ಕ್ಷಾರ. ಈ ಸಲ ಕೆಳಗಿನ ಜಾಳಿಗೆಯ ಸಲಾಕೆಗಳು ಸುಟ್ಟು ಬಾಗಿವೆ, ಕೆಂಡ ನೇರ ಬೂದಿಗೆ ಬೀಳುತ್ತಿದೆ. ಕಾರ್ತಿಕದೊಳಗೆ ಸಿರವಾರದಲ್ಲಿ ದಪ್ಪ ಸಲಾಕೆ ಹಾಕಿಸಿ ವೆಲ್ಡಿಂಗ್ ಮಾಡಿಸಬೇಕು.