ಮೂರನೇ ಸೆಮಿಸ್ಟರಿನ ವೇಳಾಪಟ್ಟಿ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ನಮ್ಮ ಅರ್ಥಶಾಸ್ತ್ರ ಎಂ.ಎ.ಯ ಮೂರನೇ ಸೆಮಿಸ್ಟರ್ ಆರಂಭವಾಗಿದೆ. ವಿಭಾಗದ ಸೂಚನಾ ಫಲಕದಲ್ಲಿ ಹೊಸ ವೇಳಾಪಟ್ಟಿಯನ್ನು ಹಾಕಿದ ದಿನವೇ ಅದರ ಫೋಟೊ ತೆಗೆದು, ನಾನು ಸಂಜೆ ಕೆಲಸ ಮಾಡುವ ಡಿಟಿಪಿ ಅಂಗಡಿಯ ಮಾಲೀಕರಿಗೂ ನಾನು ಪ್ರೀತಿಸುವ ಹುಡುಗನಿಗೂ ಕಳುಹಿಸಿದೆ. ಮಾಲೀಕರು ಸಂಜೆ ಆರು ಗಂಟೆಗೆ ಬರಲು ಸಾಧ್ಯವೇ ಎಂದಷ್ಟೇ ಕೇಳಿದರು. ಅವನು ತನ್ನ ಕಾರ್ಖಾನೆಯ ಪಾಳಿಯ ಪಟ್ಟಿಯನ್ನು ಮರಳಿ ಕಳುಹಿಸಿದ. ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಈ ಸೆಮಿಸ್ಟರನ್ನು ಹೇಗೆ ಕಳೆಯಬೇಕೆಂದು ಯೋಚಿಸುತ್ತ ಇದನ್ನು ಬರೆಯುತ್ತಿದ್ದೇನೆ.

ಕ್ರೆಡಿಟ್ ಪದ್ಧತಿಯ ಲೆಕ್ಕ ಮೇಲುನೋಟಕ್ಕೆ ಸರಳವಾಗಿದೆ. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆಯ ಪಾಠ. ಟ್ಯುಟೋರಿಯಲ್ ಅಥವಾ ಪ್ರಾಯೋಗಿಕ ತರಗತಿಯಾದರೆ ಎರಡು ಗಂಟೆ. ಶೇಕಡ 75ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಆದರೆ ತರಗತಿಯಲ್ಲಿ ಕೇಳಿದ ಅರ್ಥಮಿತಿಯ, ಅಂದರೆ ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರದ, ಪಾಠವನ್ನು ಅದೇ ದಿನ ಕೈಯಲ್ಲಿ ಬಿಡಿಸಿ ನೋಡದಿದ್ದರೆ ಮರುದಿನದ ಪಾಠ ಅರ್ಥವಾಗುವುದಿಲ್ಲ ಎಂಬ ಸಂಗತಿ ಯಾವ ಕ್ರೆಡಿಟ್ಟಿನಲ್ಲಿಯೂ ಸೇರಿರುವುದಿಲ್ಲ. ಆ ಸಮಯವನ್ನು ವಿದ್ಯಾರ್ಥಿಯೇ ಎಲ್ಲಿಂದಲಾದರೂ ಹೊಂದಿಸಿಕೊಳ್ಳಬೇಕು.

ಸಂಜೆಯ ಕೆಲಸ ನನಗೆ ಆಯ್ಕೆಯಲ್ಲ. ವಿದ್ಯಾರ್ಥಿವೇತನ ಬರುವುದು ಶುಲ್ಕ ಕಟ್ಟಿ, ತರಗತಿಗಳು ಆರಂಭವಾಗಿ, ಎಷ್ಟೋ ದಿನ ಕಳೆದ ಮೇಲೆ. ರೂಮಿನ ಬಾಡಿಗೆ ಮಾತ್ರ ಪ್ರತಿ ತಿಂಗಳ ಮೊದಲ ವಾರದಲ್ಲಿಯೇ ಕೊಡಬೇಕು. ವಿಚಿತ್ರವೆಂದರೆ ಸೆಮಿಸ್ಟರ್ ಆರಂಭವಾದಾಗಲೇ ನಮ್ಮ ಅಂಗಡಿಯಲ್ಲಿಯೂ ಕೆಲಸ ಹೆಚ್ಚು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನಮೂದಿಸಬೇಕು, ದಾಖಲೆಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಸಿಕೊಂಡು ಬರಬೇಕು, ಆಧಾರ್ ಕಾರ್ಡಿನಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಮುಂದಿನ ಪುಟಕ್ಕೆ ಹೋಗಲು ಕಷ್ಟ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದ ಕಾರಣಕ್ಕೆ ಮಂಜೂರಾದ ಹಣವೂ ಕೈಗೆ ಬಾರದೆ ನಿಂತವರನ್ನು ನಾನು ಕಂಡಿದ್ದೇನೆ. ಅವರ ಪಕ್ಕದಲ್ಲಿ ಕುಳಿತು ಒಂದೊಂದೇ ಕಲಂ ತುಂಬುವಾಗ, ನನ್ನ ಅರ್ಥಶಾಸ್ತ್ರದ ತರಗತಿಯಲ್ಲಿ 'ವರ್ಗಾವಣೆ ಪಾವತಿ' (ಸರಕು, ಸೇವೆಗೆ ಪ್ರತಿಯಾಗಿ ಅಲ್ಲದೆ ಸರ್ಕಾರ ಜನರಿಗೆ ಕೊಡುವ ಹಣ) ಎಂದು ಒಂದೇ ಸಾಲಿನಲ್ಲಿ ಮುಗಿದುಹೋಗುವ ವಿಷಯಕ್ಕೆ ಎಷ್ಟು ಮಂದಿಯ ಎಷ್ಟು ದಿನಗಳು ಖರ್ಚಾಗುತ್ತವೆ ಎಂಬುದು ಕಾಣುತ್ತದೆ. ಅರ್ಜಿಗಳ ನಡುವೆ, 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪ್ರಬಂಧಗಳನ್ನು ಯೂನಿಕೋಡ್‌ಗೆ ಬದಲಾಯಿಸಿ ಕೆಟ್ಟುಹೋದ ಒತ್ತಕ್ಷರಗಳನ್ನು ತಿದ್ದುವುದು, ಸ್ಪೈರಲ್ ಬೈಂಡಿಂಗ್, ಜೆರಾಕ್ಸ್ ಇವೆಲ್ಲವೂ ಇದ್ದೇ ಇರುತ್ತವೆ. ಈ ಕೆಲಸ ನನಗೆ ಇಷ್ಟ. ಆದರೆ ರಾತ್ರಿ ಒಂಬತ್ತಕ್ಕೆ ರೂಮಿಗೆ ಮರಳಿದಾಗ ಅರ್ಥಮಿತಿಯ ಪುಸ್ತಕ ತೆರೆಯುವಷ್ಟು ಕಣ್ಣುಗಳಲ್ಲಿ ಶಕ್ತಿ ಉಳಿದಿರುವುದಿಲ್ಲ. ಆದ್ದರಿಂದ ಓದನ್ನು ಬೆಳಗಿನ ಜಾವಕ್ಕೆ ಬದಲಾಯಿಸಿಕೊಂಡಿದ್ದೇನೆ.

ಅವನು ಡಿಪ್ಲೊಮಾ ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದಾನೆ. ಒಂದು ವಾರ ಬೆಳಗ್ಗೆ ಆರರಿಂದ ಎರಡರವರೆಗೆ, ಮರುವಾರ ಎರಡರಿಂದ ರಾತ್ರಿ ಹತ್ತರವರೆಗೆ, ಅದರ ಮರುವಾರ ರಾತ್ರಿ ಪಾಳಿ. ಎರಡನೇ ಪಾಳಿಯ ವಾರದಲ್ಲಿ ನಾವು ಭೇಟಿಯಾಗುವುದೇ ಇಲ್ಲ. ರಾತ್ರಿ ಪಾಳಿಯ ವಾರ ನಮಗೆ ಒಳ್ಳೆಯದು: ಕಂಪನಿಯ ಬಸ್ಸಿಳಿದು ಅವನು ನೇರವಾಗಿ ಕುಕ್ಕರಹಳ್ಳಿ ಕೆರೆಯ ಬಳಿಗೆ ಬರುತ್ತಾನೆ, ನಾನು ಓದು ಮುಗಿಸಿ ಅಲ್ಲಿಗೆ ಹೋಗುತ್ತೇನೆ, ಏರಿಯ ಮೇಲೆ ವಾಯುವಿಹಾರಕ್ಕೆ ಬಂದ ಹಿರಿಯರ ನಡುವೆ ಮಾತನಾಡುತ್ತ ನಡೆಯುತ್ತೇವೆ. ಅವನಿಗೆ ನಿದ್ದೆ ಬಂದಿರುತ್ತದೆ. ಆದರೂ "ಇವತ್ತು ಯಾವ ಪಾಠ, ಹೇಳು" ಎಂದು ಕೇಳುತ್ತಾನೆ. ಅರ್ಥಶಾಸ್ತ್ರ ಓದದ ಅವನಿಗೆ ತಿಳಿಯುವಂತೆ ಹೇಳಲು ಹೋಗಿ ನನಗೇ ಸ್ಪಷ್ಟವಾದ ವಿಷಯಗಳು ಹಲವು.

"ಮೊದಲು ಓದು, ಆಮೇಲೆ ಇದೆಲ್ಲ" ಎಂದು ತಿಳಿದವರು ಹೇಳುತ್ತಾರೆ. ಹುಡುಗಿಯರಿಗೆ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಅವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ದಿನವನ್ನು ಗಂಟೆಗಂಟೆಯಾಗಿ ಬಿಡಿಸಿ ನೋಡಿದರೆ ಓದಿನಿಂದ ಹೆಚ್ಚು ಸಮಯವನ್ನು ಕಿತ್ತುಕೊಳ್ಳುತ್ತಿರುವುದು ಪ್ರೀತಿಯಲ್ಲ, ಬಾಡಿಗೆ. ಸಂಜೆ ಮೂರು ಗಂಟೆಗಳ ದುಡಿಮೆಯನ್ನು ಎಲ್ಲರೂ 'ಜವಾಬ್ದಾರಿ' ಎಂದು ಮೆಚ್ಚುತ್ತಾರೆ. ಬೆಳಗಿನ ಅರ್ಧ ಗಂಟೆಯ ನಡಿಗೆ ಮಾತ್ರ ಅವರಿಗೆ ಅಡ್ಡದಾರಿಯಾಗಿ ತೋರುತ್ತದೆ. ಮನೆಗಳೂ ಹಣದ ಹಾಗೆಯೇ ಸಮಯವನ್ನು ಮಿತವಾದ ಸಂಪನ್ಮೂಲವೆಂದು ಎಣಿಸಿ ಹಂಚಿಕೊಳ್ಳುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲಿಯೇ ಸಿದ್ಧಾಂತವಾಗಿ ಮಂಡಿಸಿದರು. ಆ ಹಂಚಿಕೆ ಎಷ್ಟು ಅಸಮವೆಂಬುದನ್ನು ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆ ತೋರಿಸಿತು: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಪುರುಷರು ವ್ಯಯಿಸಿದ್ದು 97 ನಿಮಿಷ. ಮುಂದೆ ಒಟ್ಟಿಗೆ ಬಾಳಬೇಕೆಂದಿರುವ ನಾವು ಈ ಅಂಕಿಗಳ ಬಗ್ಗೆ ಮಾತನಾಡಿದ್ದೇವೆ. ರಾತ್ರಿ ಪಾಳಿ ಮುಗಿಸಿ ಬಂದವನು ಅಡುಗೆ ಮಾಡುತ್ತಾನೆಯೇ, ಪರೀಕ್ಷೆಯ ವಾರದಲ್ಲಿ ನಾನು ಫೋನ್ ಎತ್ತದಿದ್ದರೆ ಅವನು ಅದನ್ನು ಉದಾಸೀನವೆಂದು ತಿಳಿಯುತ್ತಾನೆಯೇ ಎಂಬ ಪ್ರಶ್ನೆಗಳು ನನ್ನ ಮಟ್ಟಿಗೆ ಪ್ರೇಮದ ಪ್ರಶ್ನೆಗಳೇ.

ಹಾಗಾಗಿ ಈ ಸೆಮಿಸ್ಟರಿಗೆ ಕೆಲವನ್ನು ಈಗಲೇ ಬಾಯಿಬಿಟ್ಟು ಹೇಳಿಕೊಂಡಿದ್ದೇವೆ. ಆಂತರಿಕ ಪರೀಕ್ಷೆಗಳ ವಾರದಲ್ಲಿ ಅಂಗಡಿಗೆ ರಜೆ ಬೇಕೆಂದು ಮಾಲೀಕರನ್ನು ಮೊದಲೇ ಕೇಳಿದಾಗ, "ನೋಡಮ್ಮಾ, ಎಸ್‌ಎಸ್‌ಪಿ ಕೊನೆಯ ದಿನಾಂಕದ ವಾರ ಒಂದು ಬಿಟ್ಟು ಯಾವಾಗಲಾದರೂ ತಗೋ" ಎಂದರು. ಅಮ್ಮನಿಗೆ ಅವನ ವಿಷಯವನ್ನು ಸಂಕ್ರಾಂತಿಗೆ ಊರಿಗೆ ಹೋದಾಗ ಹೇಳಲಿದ್ದೇನೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ನಾಲ್ಕನೇ ಸೆಮಿಸ್ಟರಿನ ಕಿರುಸಂಶೋಧನೆಗೆ ವಿಷಯವನ್ನು ಈಗಲೇ ಸೂಚಿಸಬೇಕಾಗಿದೆ. ಬದಲಾಗುವ ಪಾಳಿಗಳಲ್ಲಿ ದುಡಿಯುವ ಕಾರ್ಮಿಕರು ಕುಟುಂಬಕ್ಕೆ ಎಷ್ಟು ಸಮಯ ಕೊಡಬಲ್ಲರು ಎಂಬುದನ್ನು ನಂಜನಗೂಡಿನಲ್ಲಿ ಅಧ್ಯಯನ ಮಾಡಬೇಕೆಂದಿದ್ದೇನೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು; ಆ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಬೀಳುತ್ತವೆ ಎಂಬುದರ ಮೇಲೆ ಒಂದು ಮನೆಯ ಊಟ, ನಿದ್ದೆ, ಮಾತುಗಳೆಲ್ಲ ನಿಂತಿವೆ. ಅವನನ್ನು ಮಾತ್ರ ಮಾದರಿಯಲ್ಲಿ ಸೇರಿಸುವಂತಿಲ್ಲ, ಅವನ ಉತ್ತರಗಳನ್ನು ನಾನು ಪಕ್ಷಪಾತವಿಲ್ಲದೆ ಓದಲಾರೆ. ಪ್ರಶ್ನಾವಳಿ ಕಾರ್ಮಿಕರಿಗೆ ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸಿ ಹೇಳಲು ಅವನು ಒಪ್ಪಿದ್ದಾನೆ. ಮೊದಲ ಕರಡನ್ನು ಬರುವ ಭಾನುವಾರ ಅವನಿಗೆ ಕೊಟ್ಟು, ಸೋಮವಾರ ಮಾರ್ಗದರ್ಶಕರಿಗೆ ತೋರಿಸುತ್ತೇನೆ.